ಸರೋವರದ ಪಕ್ಕ 1955ರ ಮನೆ: ಯಾವ ನೀರಿಗೆ ಹೆದರಬೇಕು?

ಪ್ರಶ್ನೆ: ನಾವು ಸಿಯಾಟಲ್‌ನಲ್ಲಿ ಹತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಈಗ ಸೂವರ್ಡ್ ಪಾರ್ಕ್ ಹತ್ತಿರ ಒಂದು ಮನೆ ಮಾರಾಟಕ್ಕೆ ಬಂದಿದೆ. 1955ರಲ್ಲಿ ಕಟ್ಟಿದ್ದು. ಜಾಹೀರಾತಿನಲ್ಲಿ ‘ಮಿಡ್-ಸೆಂಚುರಿ ಮನೆ, ಪಾರ್ಕಿಗೆ ನಡೆದೇ ಹೋಗಬಹುದು’ ಎಂದಿದೆ. ಇಳಿಜಾರಿನ ಸೈಟು. ಮೇಲೆ ಮೂರು ಬೆಡ್‌ರೂಮ್, ಕೆಳಗೆ ಹಿತ್ತಲಿಗೆ ಬಾಗಿಲು ತೆರೆಯುವ ಬೇಸ್‌ಮೆಂಟ್. ಹಾಲ್‌ನ ದೊಡ್ಡ ಗಾಜಿನಿಂದ ಲೇಕ್ ವಾಷಿಂಗ್ಟನ್ ಕಾಣುತ್ತದೆ. ಮೊದಲಿನಿಂದ ಒಂದೇ ಕುಟುಂಬ ಇದ್ದ ಮನೆಯಂತೆ. ನನಗೂ ಮಕ್ಕಳಿಗೂ ತುಂಬಾ ಇಷ್ಟವಾಗಿದೆ. ಮಾವನವರು ಮಾತ್ರ ‘ಎಪ್ಪತ್ತು ವರ್ಷದ ಮರದ ಮನೆ, ಅದೂ ನೀರಿನ ಪಕ್ಕ, ಬೇಡವೇ ಬೇಡ’ ಎನ್ನುತ್ತಾರೆ. ಅವರೂ ಅತ್ತೆಯವರೂ ಊರಿನಿಂದ ಬಂದರೆ ಐದಾರು ತಿಂಗಳು ಇರುತ್ತಾರೆ. ಕೆಳಗಿನ ಕೋಣೆ ಅವರಿಗೆ ಎಂದುಕೊಂಡಿದ್ದೇವೆ. ಏಜೆಂಟ್, ಇನ್ಸ್‌ಪೆಕ್ಷನ್ ಷರತ್ತು (ಮನೆ ಪರೀಕ್ಷೆ ಮಾಡಿಸಿ, ಸರಿಬಾರದಿದ್ದರೆ ಹಿಂದೆ ಸರಿಯುವ ಹಕ್ಕು) ಇಲ್ಲದೆ ಆಫರ್ ಕೊಟ್ಟರೆ ಮಾತ್ರ ಸಿಗುತ್ತದೆ ಎನ್ನುತ್ತಿದ್ದಾರೆ. ಏನು ಮಾಡಲಿ?
ಒಬ್ಬ ಓದುಗರು, ಸಿಯಾಟಲ್

ಉತ್ತರ: ನಿಮ್ಮ ಮಾವನವರ ಮಾತಿನಲ್ಲಿ ಅರ್ಧ ಸರಿ. ನೀರಿಗೆ ಹೆದರಬೇಕಾದ್ದು ನಿಜ. ಆದರೆ ಅವರು ಹೆದರುತ್ತಿರುವುದು ಕಿಟಕಿಯಲ್ಲಿ ಕಾಣುವ ನೀರಿಗೆ. ನಾನು ಹೆದರುವುದು ಕಾಣದ ನೀರಿಗೆ. ಗುಡ್ಡದ ಒಳಗಿನಿಂದ ಇಳಿದು ಬರುವುದು ಒಂದು, ಚಾವಣಿಯ ಮೇಲೆ ನಿಲ್ಲುವುದು ಇನ್ನೊಂದು, ನಿಮ್ಮ ಬಚ್ಚಲಿನಿಂದ ಹೊರಗೆ ಹೋಗುವುದು ಮತ್ತೊಂದು. ಈ ಮೂರರ ದಾರಿ ಚೆನ್ನಾಗಿದ್ದರೆ 1955ರ ಮನೆ ಒಳ್ಳೆಯ ಮನೆ. ಕೆಟ್ಟಿದ್ದರೆ 2005ರ ಮನೆಯೂ ಬೇಡ. ನಾನು ಮನೆ ಇನ್ಸ್‌ಪೆಕ್ಟರ್, ಈ ಊರಿನ ಮನೆಗಳ ನೆಲದಡಿ ಟಾರ್ಚ್ ಹಿಡಿದು ತೆವಳುವುದೇ ನನ್ನ ಕೆಲಸ. ಅಲ್ಲಿ ಕಂಡದ್ದರ ಮೇಲೆ ಹೇಳುತ್ತಿದ್ದೇನೆ.

ಮೊದಲು ಸರೋವರದ ಕಥೆ ಮುಗಿಸೋಣ. 1916ರವರೆಗೆ ಲೇಕ್ ವಾಷಿಂಗ್ಟನ್‌ನ ನೀರು ಈಗಿಗಿಂತ ಸುಮಾರು 9 ಅಡಿ ಎತ್ತರದಲ್ಲಿತ್ತು. ಹೆಚ್ಚಾದ ನೀರು ದಕ್ಷಿಣದಲ್ಲಿ, ರೆಂಟನ್ ಬಳಿ, ಬ್ಲ್ಯಾಕ್ ರಿವರ್ ಎಂಬ ಹೊಳೆಯಾಗಿ ಹರಿದು ಹೋಗುತ್ತಿತ್ತು. ಆ ವರ್ಷ ಮಾಂಟ್‌ಲೇಕ್‌ನಲ್ಲಿ ಕಾಲುವೆ ತೆರೆದು ಸರೋವರವನ್ನು ಲೇಕ್ ಯೂನಿಯನ್ ಕಡೆಗೆ ಜೋಡಿಸಿದರು. ನೀರು ಇಳಿಯಿತು. ಬ್ಲ್ಯಾಕ್ ರಿವರ್ ಬತ್ತಿಯೇ ಹೋಯಿತು. ಅಂದಿನಿಂದ ನೀರಿನ ಮಟ್ಟವನ್ನು ಬ್ಯಾಲರ್ಡ್ ಲಾಕ್ಸ್ ಎಂಬ ಕಾಲುವೆಯ ಬಾಗಿಲುಗಳ ಬಳಿ ಕೂತು ಸೇನೆಯ ಎಂಜಿನಿಯರುಗಳು ನಿಭಾಯಿಸುತ್ತಾರೆ. ಬೇಸಿಗೆಗೂ ಚಳಿಗಾಲಕ್ಕೂ ಹೆಚ್ಚುಕಮ್ಮಿ 2 ಅಡಿ ವ್ಯತ್ಯಾಸ, ಅಷ್ಟೆ. ಸರೋವರ ಉಕ್ಕಿ ನಿಮ್ಮ ಇಳಿಜಾರಿನ ಮನೆಗೆ ಹತ್ತುವ ಮಾತಿಲ್ಲ. ಮಾವನವರಿಗೆ ಇದನ್ನು ಧೈರ್ಯವಾಗಿ ಹೇಳಿ.

ಹಾಗಂತ ಸಿಯಾಟಲ್‌ನಲ್ಲಿ ಎಲ್ಲ ನೀರೂ ಹೀಗೆ ಸಾಧು ಅಲ್ಲ. 2022ರ ಡಿಸೆಂಬರ್ ಕೊನೆಯಲ್ಲಿ ಸಮುದ್ರದ ಉಬ್ಬರ ಜೋರಾಗಿ ಬಂದಾಗ ಡುವಾಮಿಶ್ ನದಿ ಉಕ್ಕಿ ಸೌತ್ ಪಾರ್ಕ್ ಬಡಾವಣೆಯ ಮನೆಗಳಿಗೆ ನುಗ್ಗಿತು. ಹಾಗಾಗಿ ಯಾವ ವಿಳಾಸವಾದರೂ ಸರಿ, ಫೆಮಾ ಎಂಬ ಕೇಂದ್ರದ ವಿಪತ್ತು ಇಲಾಖೆಯ ಪ್ರವಾಹ ನಕ್ಷೆಯಲ್ಲಿ ಹಾಕಿ ನೋಡಿ. ದುಡ್ಡು ಕೊಡಬೇಕಾಗಿಲ್ಲ. ‘ಎ’ ಅಥವಾ ‘ವಿ’ ಅಕ್ಷರದಿಂದ ಶುರುವಾಗುವ ವಲಯ ಅಂದರೆ ಯಾವುದೇ ವರ್ಷದಲ್ಲಿ ಪ್ರವಾಹ ಬರುವ ಸಾಧ್ಯತೆ ಕನಿಷ್ಠ 1 ಪರ್ಸೆಂಟ್. ಕೇಳಲು ಚಿಕ್ಕದು. ಆದರೆ 30 ವರ್ಷದ ಸಾಲದ ಅವಧಿಗೆ ಲೆಕ್ಕ ಹಾಕಿದರೆ ಅದು 26 ಪರ್ಸೆಂಟ್ ಆಗುತ್ತದೆ. ಸಾಮಾನ್ಯ ಮನೆ ವಿಮೆ ಪ್ರವಾಹಕ್ಕೆ ಒಂದು ಡಾಲರನ್ನೂ ಕೊಡುವುದಿಲ್ಲ ಎನ್ನುವುದು ಗೊತ್ತಿರಲಿ.

ಈಗ ನಿಮ್ಮ ನಿಜವಾದ ನೀರಿಗೆ ಬರೋಣ. ಸಿಯಾಟಲ್‌ನ ಗುಡ್ಡಗಳು ಹಿಮನದಿ ಬಿಟ್ಟುಹೋದ ಮಣ್ಣಿನ ರಾಶಿ. ಬಹಳ ಕಡೆ ಮೇಲೆ ಮರಳಿನ ಪದರ, ಅದರ ಕೆಳಗೆ ಗಟ್ಟಿ ಜೇಡಿಮಣ್ಣು. ಇಲ್ಲಿನ ಭೂವಿಜ್ಞಾನಿಗಳು ಅವನ್ನು ಎಸ್ಪರೆನ್ಸ್ ಮರಳು, ಲಾಟನ್ ಜೇಡಿ ಎಂದು ಕರೆಯುತ್ತಾರೆ. ಮಳೆ ನೀರು ಮರಳಿನಲ್ಲಿ ಸಲೀಸಾಗಿ ಇಳಿಯುತ್ತದೆ. ಜೇಡಿ ಸಿಕ್ಕಿದ ಕೂಡಲೇ ಕೆಳಗೆ ಹೋಗಲಾರದೆ ಅಡ್ಡಕ್ಕೆ ಹರಿಯುತ್ತದೆ. ಗುಡ್ಡದ ಬದಿಯಲ್ಲಿ ಎಲ್ಲೋ ಒಂದು ಕಡೆ ಒರತೆಯಾಗಿ ಹೊರಬರುತ್ತದೆ. ಆ ಗೆರೆಯಲ್ಲೇ ಗುಡ್ಡ ಜಾರುವುದು. 1996-97ರ ಚಳಿಗಾಲದಲ್ಲಿ ಹಿಮ ಕರಗಿ, ಮೇಲೆ ಮಳೆ ಸುರಿದು ಸಾಲು ಸಾಲಾಗಿ ಇಳಿಜಾರುಗಳು ಕುಸಿದವು. ನಗರಸಭೆಯ ವೆಬ್‌ಸೈಟಿನಲ್ಲಿ ಸೂಕ್ಷ್ಮ ಪ್ರದೇಶಗಳ ನಕ್ಷೆ ಇದೆ. ಎಲ್ಲಿ ಹಿಂದೆ ಜಾರಿದೆ, ಎಲ್ಲಿ ಕಡಿದಾದ ಇಳಿಜಾರು, ಎಲ್ಲಿ ಭೂಕಂಪದಲ್ಲಿ ನೆಲ ಕೆಸರಾಗಬಹುದು, ಎಲ್ಲ ಅದರಲ್ಲಿದೆ. ಇವತ್ತು ರಾತ್ರಿಯೇ ತೆಗೆದು ನೋಡಿ.

ನಕ್ಷೆ ನೋಡಿದ ಮೇಲೆ ಮಳೆ ಬರುವ ದಿನ ಸೈಟಿಗೆ ಹೋಗಿ. ಬಿಸಿಲಿನ ದಿನ ತೋರಿಸುವ ಮನೆ ಮದುವೆ ದಿನದ ವಧುವಿನ ಹಾಗೆ, ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಹಿತ್ತಲಲ್ಲಿ ಹಾರ್ಸ್‌ಟೇಲ್ ಎಂಬ ಪೊರಕೆಯಂಥ ಹಸಿರು ಗಿಡ ಗುಂಪಾಗಿ ಬೆಳೆದಿದೆಯಾ? ತೇವ ಇರುವ ಕಡೆ ಅದು ಚೆನ್ನಾಗಿ ಬೆಳೆಯುತ್ತದೆ. ಮಣ್ಣು ತಡೆಯುವ ಗೋಡೆ ಮುಂದಕ್ಕೆ ವಾಲಿದೆಯಾ? ಮರಗಳ ಬುಡ ಬಾಗಿ, ಮೇಲೆ ನೆಟ್ಟಗಾಗಿವೆಯಾ? ಮಣ್ಣು ಮೆಲ್ಲಗೆ ಜಾರುವ ಕಡೆ ಮರ ಹಾಗೆ ಬೆಳೆಯುತ್ತದೆ. ಸೂರಿನ ಗಟರ್‌ನಿಂದ ಇಳಿಯುವ ನೀರು ಎಲ್ಲಿಗೆ ಹೋಗುತ್ತದೆ? ಪೈಪು ನೆಲದೊಳಗೆ ಮಾಯವಾಗಿದ್ದರೆ ಅದರ ಇನ್ನೊಂದು ತುದಿ ಎಲ್ಲಿ ಎಂದು ಕೇಳಿ. ಎಷ್ಟೋ ಮನೆಗಳಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. ಮುಚ್ಚಿಹೋದ ಆ ಪೈಪಿನ ನೀರು ಬೇಸ್‌ಮೆಂಟಿನ ಹಿಂದಿನ ಗೋಡೆಗೇ ಒತ್ತುತ್ತಿರುತ್ತದೆ.

ಆ ಹಿಂದಿನ ಗೋಡೆ ಮುಖ್ಯ. ನಿಮ್ಮ ಬೇಸ್‌ಮೆಂಟಿಗೆ ಮುಂದೆ ಬೆಳಕು, ಬಾಗಿಲು ಎಲ್ಲ ಇದೆ. ಹಿಂದೆ ಪೂರ್ತಿ ಗುಡ್ಡ. 1955ರಲ್ಲಿ ಆ ಕಾಂಕ್ರೀಟಿನ ಹೊರಗೆ ಒಂದು ಕೋಟು ಟಾರ್ ಬಳಿದಿದ್ದರೆ ಅದೇ ದೊಡ್ಡದು. ಗೋಡೆಯ ಮೇಲೆ ಬಿಳಿ ಉಪ್ಪಿನ ಪುಡಿ, ನೆಲದಂಚಿನ ಮರದ ಪಟ್ಟಿಯಲ್ಲಿ ಕಲೆ, ಹೊಸದಾಗಿ ಬಳಿದ ಬಣ್ಣ ಬರೀ ಒಂದೇ ಗೋಡೆಗೆ, ಸುಮ್ನೆ ಓಡುತ್ತಿರುವ ಡಿಹ್ಯೂಮಿಡಿಫೈಯರ್. ಇವುಗಳಲ್ಲಿ ಯಾವುದು ಕಂಡರೂ ಪ್ರಶ್ನೆ ಕೇಳಿ. ಮೂಗನ್ನೂ ಬಳಸಿ. ಬಾಗಿಲು ತೆರೆದ ಮೊದಲ ಅರ್ಧ ನಿಮಿಷದಲ್ಲಿ ಮುಗ್ಗಲು ವಾಸನೆ ಗೊತ್ತಾಗುತ್ತದೆ. ಆಮೇಲೆ ಮೂಗು ಒಗ್ಗಿಕೊಂಡುಬಿಡುತ್ತದೆ. ಒಮ್ಮೆ ಒಂದು ಮನೆಗೆ ಹೋಗಿದ್ದೆ. ಬೇಸ್‌ಮೆಂಟಿನಲ್ಲಿ ನಾಲ್ಕು ಕಡೆ ಸುವಾಸನೆಯ ಮೇಣದಬತ್ತಿ ಹಚ್ಚಿಟ್ಟಿದ್ದರು. ಕಾರ್ಪೆಟ್ ಮೂಲೆ ಎತ್ತಿದರೆ ಕೆಳಗಿನ ಹಲಗೆ ಕೈಗೆ ಹಿಟ್ಟಿನ ಹಾಗೆ ಬಂತು.

ನೆಲ ಜಾರಿದರೆ ವಿಮೆ ಕೊಡುತ್ತದಲ್ವಾ ಎಂದು ಬಹಳ ಜನ ಕೇಳುತ್ತಾರೆ. ಕೊಡುವುದಿಲ್ಲ. ಸಾಮಾನ್ಯ ಪಾಲಿಸಿಗಳಲ್ಲಿ ‘ನೆಲದ ಚಲನೆ’ ಹೊರಗಿಟ್ಟ ಅಪಾಯ. ಭೂಕಂಪವೂ ಅದರಲ್ಲೇ ಸೇರಿದೆ. ಎರಡಕ್ಕೂ ಬೇರೆ ಪಾಲಿಸಿ ತೆಗೆದುಕೊಳ್ಳಬೇಕು. ಗುಡ್ಡ ನಕ್ಷೆಯಲ್ಲಿ ಬಣ್ಣ ಬಳಿಸಿಕೊಂಡಿದ್ದರೆ ಮನೆ ಇನ್ಸ್‌ಪೆಕ್ಟರ್ ಒಬ್ಬರೇ ಸಾಲದು. ಮಣ್ಣು ನೋಡುವ ಜಿಯೊಟೆಕ್ನಿಕಲ್ ಎಂಜಿನಿಯರ್ ಒಬ್ಬರನ್ನು ಒಂದು ಗಂಟೆ ಸೈಟಿನ ಮೇಲೆ ನಡೆಸಿ. ನಾನು ಈ ವೃತ್ತಿಯವನಾಗಿದ್ದೂ ಹೇಳುತ್ತೇನೆ, ಇಳಿಜಾರಿನ ಮನೆಯಲ್ಲಿ ಅವರ ಒಂದು ಗಂಟೆ ನನ್ನ ನಾಲ್ಕು ಗಂಟೆಗಿಂತ ಹೆಚ್ಚು ಬೆಲೆಬಾಳುತ್ತದೆ.

ಭೂಕಂಪದ ಮಾತು ಬಂತಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಿಯಾಟಲ್ ಫಾಲ್ಟ್ ಎಂಬ ಬಿರುಕು ನಗರದ ದಕ್ಷಿಣ ಭಾಗ ಮತ್ತು ಮರ್ಸರ್ ಐಲ್ಯಾಂಡ್ ಕಡೆ ಪೂರ್ವ-ಪಶ್ಚಿಮವಾಗಿ ಹಾದುಹೋಗುತ್ತದೆ. ಸುಮಾರು 1,100 ವರ್ಷದ ಹಿಂದೆ ಅದು ಕದಲಿದಾಗ ದಡದ ಕಾಡೇ ಮರಗಳ ಸಮೇತ ಜಾರಿ ಲೇಕ್ ವಾಷಿಂಗ್ಟನ್‌ನ ತಳ ಸೇರಿತು. ಆ ಮರಗಳು ಇಂದಿಗೂ ನೀರಿನಡಿ ನಿಂತಿವೆ. ಈ ಊರು ಇತ್ತೀಚೆಗೆ ಜೋರಾಗಿ ನಡುಗಿದ್ದು ಈ ಬಿರುಕಿನಿಂದಲ್ಲ, 2001ರ ಫೆಬ್ರುವರಿ 28ರ ನಿಸ್ಕ್ವಾಲಿ ಭೂಕಂಪದಿಂದ, 6.8 ತೀವ್ರತೆ. ಆಗ ಹಳೆಯ ಇಟ್ಟಿಗೆ ಚಿಮಣಿಗಳು ಬಹಳ ಬಿದ್ದವು. ನೀವು ನೋಡಿರುವ ಮನೆಗೂ ಇಟ್ಟಿಗೆ ಚಿಮಣಿ ಇರುವ ಸಾಧ್ಯತೆ ಹೆಚ್ಚು. ಒಳಗೆ ಕಬ್ಬಿಣದ ಸರಳಿಲ್ಲದ ಚಿಮಣಿ ಮಕ್ಕಳ ಕೋಣೆಯ ಮೇಲೆ ನಿಂತಿದ್ದರೆ ಅದನ್ನು ಸೂರಿನ ಮಟ್ಟಕ್ಕೆ ಇಳಿಸಿಬಿಡುವುದು ಒಳ್ಳೆಯದು. ಇನ್ನೊಂದು, ಮರದ ಚೌಕಟ್ಟನ್ನು ಅಡಿಪಾಯಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರಾ ನೋಡಿಸಿ. ಆ ಕಾಲದಲ್ಲಿ ಬೋಲ್ಟ್ ಹಾಕಿದ್ದರೂ ದೂರ ದೂರ ಹಾಕುತ್ತಿದ್ದರು. ಇದನ್ನು ನಂತರವೂ ಮಾಡಿಸಬಹುದು. ಮರದ ಮನೆಯ ಗುಣವೇ ಅದು. ಭೂಕಂಪದಲ್ಲಿ ಮರ ಬಾಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ. ಮಾವನವರು ‘ಮರದ ಮನೆ’ ಎಂದು ಮೂಗು ಮುರಿದರೆ ಇದನ್ನೂ ಹೇಳಿ.

ಇನ್ನು ಮನೆ. ‘ಮಿಡ್-ಸೆಂಚುರಿ’ ಎನ್ನುವುದು ಈಗ ಮಾರುವವರ ಬಾಯಿಯ ಮಾತಾಗಿದೆ. 1955ರಲ್ಲಿ ಕಟ್ಟಿದ ಎಲ್ಲ ಮನೆಯೂ ಪಾಲ್ ಹೇಡನ್ ಕರ್ಕ್ ಅಂಥ ವಾಸ್ತುಶಿಲ್ಪಿ ಬಿಡಿಸಿದ್ದಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ 1944ರ ಜಿಐ ಬಿಲ್ ಸುಲಭ ಸಾಲಕ್ಕೆ ದಾರಿ ಮಾಡಿತು, ಬಡಾವಣೆ ಬಡಾವಣೆಯೇ ಎದ್ದಿತು. ಹೆಚ್ಚಿನವು ಮೇಸ್ತ್ರಿ ಕಟ್ಟಿದ ಸರಳ ಮನೆಗಳು. ಸರಳ ಎಂದರೆ ಕಳಪೆ ಅಲ್ಲ. ಆ ಕಾಲದ ಡಗ್ಲಸ್ ಫರ್ ಮರ ಹಳೆಯ ಕಾಡಿನದ್ದು, ಎಳೆ ಒತ್ತಾಗಿದೆ. ಈಗ ದುಡ್ಡು ಕೊಟ್ಟರೂ ಅಂಥದ್ದು ಸಿಗುವುದು ಕಷ್ಟ. ಕಾರ್ಪೆಟ್ಟಿನಡಿ ಓಕ್ ಮರದ ನೆಲ ಇದ್ದರೂ ಇರಬಹುದು. ಬೀರು ಇಟ್ಟಿರುವ ಕೋಣೆಯ ಮೂಲೆಯಲ್ಲಿ ಮೆಲ್ಲಗೆ ಎತ್ತಿ ನೋಡಿ. ಮಾಲೀಕರ ಅಪ್ಪಣೆ ಕೇಳಿ, ಅಷ್ಟೆ.

ಈ ಶೈಲಿಯಲ್ಲಿ ತೊಂದರೆ ಇರುವುದು ಚಾವಣಿಯಲ್ಲಿ. ಇಳಿಜಾರು ಕಡಿಮೆ, ನೀರು ನಿಧಾನ. ಕಂಬ-ತೊಲೆಯ ಮನೆಯಾಗಿದ್ದರೆ ಒಳಗಿನಿಂದ ಚೆಂದ ಕಾಣುವ ಮರದ ಹಲಗೆಯೇ ಚಾವಣಿ. ನಡುವೆ ಅಟ್ಟ ಇಲ್ಲ. ಸೋರಿದರೆ ನೇರ ಹಾಲ್‌ಗೇ. ಚಳಿ ತಡೆಯುವ ಇನ್ಸುಲೇಷನ್ ತುಂಬಲು ಜಾಗವೂ ಇಲ್ಲ. ಅದನ್ನು ಹಾಕುವ ಒಂದೇ ಸಮಯ ಅಂದರೆ ಚಾವಣಿ ಬದಲಾಯಿಸುವಾಗ, ಹಲಗೆಯ ಮೇಲೆ ಗಟ್ಟಿ ಫೋಮ್ ಹಾಸಿ ಅದರ ಮೇಲೆ ಹೊಸ ಪದರ. ಆದ್ದರಿಂದ ‘ಚಾವಣಿ ಯಾವಾಗ ಹಾಕಿಸಿದ್ದು’ ಎಂದು ಕೇಳಿ ಬಿಡಬೇಡಿ. ‘ಹಳೆಯದನ್ನು ತೆಗೆದು ಹಾಕಿದರಾ, ಮೇಲೆಯೇ ಹಾಕಿದರಾ, ಫೋಮ್ ಇದೆಯಾ’ ಎಂದೂ ಕೇಳಿ. ಸೂರು ಅಗಲವಾಗಿದ್ದರೆ ಖುಷಿಪಡಿ. ಮಳೆಯೂರಿನಲ್ಲಿ ಆ ಎರಡು-ಮೂರು ಅಡಿ ಸೂರು ಗೋಡೆ, ಕಿಟಕಿಗಳನ್ನು ಎಪ್ಪತ್ತು ವರ್ಷ ಕಾಯ್ದಿರುತ್ತದೆ. ಸರೋವರ ತೋರಿಸುವ ದೊಡ್ಡ ಗಾಜು ಬಹುಶಃ ಒಂದೇ ಪದರದ್ದು. ಅದರ ಕೆಳಚೌಕಟ್ಟಿನ ಮರವನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಕೊಳೆತಿದೆ. ಗಾಜಿನ ಬಾಗಿಲುಗಳಿಗೆ ಒಡೆದು ಚೂರಾದರೂ ಕೊಯ್ಯದ ಗಾಜು ಬೇಕೆಂಬ ಕೇಂದ್ರದ ನಿಯಮ ಬಂದದ್ದು 1977ರಲ್ಲಿ. ಅದಕ್ಕೂ ಮುಂಚಿನ ಗಾಜು ಒಡೆದರೆ ಕತ್ತಿಯಂತೆ ಸೀಳುತ್ತದೆ. ಮಕ್ಕಳಿರುವ ಮನೆ, ನೆಲದವರೆಗೆ ಗಾಜಿದ್ದರೆ ಮೊದಲು ಅದನ್ನೇ ಬದಲಿಸಿ.

ಮೂರನೆಯ ನೀರು, ಹೊರಗೆ ಹೋಗುವುದು. ನನ್ನ ಅನುಭವದಲ್ಲಿ ಈ ವಯಸ್ಸಿನ ಮನೆ ಕೊಂಡವರು ಜಾಸ್ತಿ ಅತ್ತದ್ದು ಇದರಿಂದಲೇ. ಮನೆಯಿಂದ ರಸ್ತೆಯ ದೊಡ್ಡ ಚರಂಡಿಗೆ ಹೋಗುವ ಪೈಪಿಗೆ ಇಲ್ಲಿ ಸೈಡ್ ಸೀವರ್ ಎನ್ನುತ್ತಾರೆ. ಸಿಯಾಟಲ್‌ನಲ್ಲಿ ಅದು ಮುಖ್ಯ ಕೊಳವೆಗೆ ಸೇರುವ ಜಾಗದವರೆಗೂ ಮನೆ ಮಾಲೀಕರದ್ದು. ಗೇಟಿನವರೆಗೆ ಅಲ್ಲ, ರಸ್ತೆಯಡಿಯ ಭಾಗವೂ ನಿಮ್ಮದೇ. 1955ರ ಪೈಪು ಸಾಮಾನ್ಯವಾಗಿ ಕಾಂಕ್ರೀಟ್ ಅಥವಾ ಸುಟ್ಟ ಮಣ್ಣಿನದು, ಮೂರ್ನಾಲ್ಕು ಅಡಿಗೆ ಒಂದು ಜೋಡಣೆ. ಆ ಜೋಡಣೆಗಳಲ್ಲಿ ಮರದ ಬೇರು ನುಗ್ಗುತ್ತದೆ. ಆ ಕಾಲದಲ್ಲಿ ಈ ದೇಶದಲ್ಲಿ ಆರೆಂಜ್‌ಬರ್ಗ್ ಎಂಬ ಪೈಪನ್ನೂ ಬಳಸಿದರು. ಮರದ ನಾರಿಗೆ ಟಾರ್ ಸೇರಿಸಿ ಒತ್ತಿದ್ದು, ಅಂದರೆ ಗಟ್ಟಿ ರಟ್ಟು. ಐವತ್ತು ವರ್ಷದಲ್ಲಿ ಅದು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿ ಕೂತುಬಿಡುತ್ತದೆ.

ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಲು ಕೆಲವು ನೂರು ಡಾಲರ್. ಬದಲಾಯಿಸಲು, ರಸ್ತೆ ಅಗೆಯಬೇಕಾದರೆ, ಹತ್ತಾರು ಸಾವಿರ. ಸಾಮಾನ್ಯ ಇನ್ಸ್‌ಪೆಕ್ಷನ್‌ನಲ್ಲಿ ಇದು ಸೇರಿರುವುದಿಲ್ಲ, ಬೇರೆಯಾಗಿಯೇ ಕರೆಸಬೇಕು. ಕರೆಸಿದಾಗ ವಿಡಿಯೊ ಮುಖ್ಯ ಕೊಳವೆಯವರೆಗೂ ಹೋಗಿದೆಯೇ ನೋಡಿ. ‘ನಲವತ್ತು ಅಡಿ ಚೆನ್ನಾಗಿದೆ’ ಎಂದು ವರದಿ ಬರೆದು, ನಲವತ್ತೊಂದನೇ ಅಡಿಯಲ್ಲಿ ಬೇರು ಅಡ್ಡ ಬಂದು ಕ್ಯಾಮೆರಾ ನಿಂತ ಪ್ರಕರಣ ನಾನೇ ಕಂಡಿದ್ದೇನೆ. ನಗರಸಭೆಯ ಹಳೆಯ ಸೈಡ್ ಸೀವರ್ ಕಾರ್ಡು ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೈಯಲ್ಲಿ ಬರೆದ ನಕ್ಷೆ, ನೋಡಲೇ ಒಂದು ಖುಷಿ. ಅದರಲ್ಲಿ ಎರಡು ವಿಷಯ ಹುಡುಕಿ. ಪಕ್ಕದ ಮನೆಯ ಜೊತೆ ಪೈಪು ಹಂಚಿಕೊಂಡಿದೆಯಾ? ಮುಖ್ಯ ಕೊಳವೆ ಮನೆಗಿಂತ ಮೇಲಿದೆಯೋ ಕೆಳಗಿದೆಯೋ? ಮೇಲಿದ್ದರೆ ಬೇಸ್‌ಮೆಂಟಿನ ಬಚ್ಚಲಿಗೆ ಪಂಪು ಬೇಕು. ಕರೆಂಟು ಹೋದ ದಿನ ಆ ಬಚ್ಚಲು ಕೆಲಸ ಮಾಡುವುದಿಲ್ಲ. ಕೆಳಗೆ ವಯಸ್ಸಾದವರು ಇರುತ್ತಾರೆ ಅನ್ನುತ್ತೀರಿ, ಅದಕ್ಕೇ ಹೇಳಿದ್ದು.

ಒಳಗೆ ಬರುವ ನೀರಿನ ಪೈಪು ಸತು ಲೇಪಿಸಿದ ಕಬ್ಬಿಣದ್ದಾಗಿದ್ದರೆ ಅದರ ಆಯುಷ್ಯ ಮುಗಿದು ಎಷ್ಟೋ ವರ್ಷವಾಗಿದೆ. ಅಡುಗೆಮನೆಯ ನಲ್ಲಿ, ಬಚ್ಚಲಿನ ಷವರ್ ಒಟ್ಟಿಗೆ ಬಿಟ್ಟು ನೋಡಿ. ಒಂದು ಸೊರಗಿದರೆ ಉತ್ತರ ಸಿಕ್ಕಿತು.

ಕರೆಂಟಿನ ವಿಷಯ ಬೇಗ ಹೇಳುತ್ತೇನೆ. ಎಲ್ಲ ಔಟ್‌ಲೆಟ್‌ಗೂ ಅರ್ಥಿಂಗ್ ಬೇಕೆಂದು ರಾಷ್ಟ್ರೀಯ ಕೋಡ್ ಹೇಳಿದ್ದು 1962ರಲ್ಲಿ. ನಿಮ್ಮ ಮನೆ ಅದಕ್ಕೂ ಮುಂಚಿನದು. ಗೋಡೆಯಲ್ಲಿ ಮೂರು ತೂತಿನ ಔಟ್‌ಲೆಟ್ ಕಂಡರೂ ನಂಬಬೇಡಿ, ಹಿಂದೆ ಎರಡೇ ತಂತಿ ಇರಬಹುದು. ಚಿಕ್ಕ ಟೆಸ್ಟರ್ ಚುಚ್ಚಿದರೆ ಗೊತ್ತಾಗುತ್ತದೆ. ಬ್ರೇಕರ್‌ಗಳಿರುವ ಪ್ಯಾನೆಲ್ ಫೆಡರಲ್ ಪೆಸಿಫಿಕ್ ಕಂಪನಿಯ ಸ್ಟ್ಯಾಬ್-ಲಾಕ್ ಆಗಿದ್ದರೆ ಬದಲಾಯಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಅದರ ಬ್ರೇಕರ್‌ಗಳು ಬೀಳಬೇಕಾದಾಗ ಬೀಳುವುದಿಲ್ಲ ಎನ್ನುವುದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಎಲೆಕ್ಟ್ರಿಕ್ ಕಾರು, ಹೀಟ್ ಪಂಪ್ ಆಸೆ ಇದ್ದರೆ ಹೇಗೂ ಪ್ಯಾನೆಲ್ ದೊಡ್ಡದು ಮಾಡಿಸಬೇಕಾಗುತ್ತದೆ.

ಅಂಗಳದಲ್ಲಿ ನೆಲದಿಂದ ಎದ್ದಿರುವ ಸಣ್ಣ ಪೈಪುಗಳು ಕಂಡವಾ? ಈ ಕಾಲದ ಸಿಯಾಟಲ್ ಮನೆಗಳು ಬಹಳಷ್ಟು ಎಣ್ಣೆಯಿಂದ ಬಿಸಿಯಾಗುತ್ತಿದ್ದವು. ಎಣ್ಣೆ ಟ್ಯಾಂಕು ನೆಲದಡಿ. ಆಮೇಲೆ ಗ್ಯಾಸ್ ಬಂತು, ಟ್ಯಾಂಕು ಅಲ್ಲೇ ಉಳಿಯಿತು. ತುಕ್ಕು ಹಿಡಿದು ಸೋರಿದರೆ ಆ ಮಣ್ಣು ತೆಗೆಸುವ ಹೊಣೆ ಮಾಲೀಕರ ತಲೆಗೆ. ಇಳಿಜಾರಿನಲ್ಲಿ ಅದು ಕೆಳಗಿನ ಮನೆಯವರ ಹಿತ್ತಲಿಗೂ ಹೋಗಬಹುದು. ಟ್ಯಾಂಕನ್ನು ಖಾಲಿ ಮಾಡಿ ತುಂಬಿಸಿದ್ದಕ್ಕೆ ಅಥವಾ ತೆಗೆಸಿದ್ದಕ್ಕೆ ಫೈರ್ ಡಿಪಾರ್ಟ್‌ಮೆಂಟಿನ ಪರ್ಮಿಟ್ ಕಾಗದ ಕೇಳಿ. ಬಾಯಿಮಾತು ಬೇಡ.

ಸೀಸದ ಬಣ್ಣ, ಆಸ್‌ಬೆಸ್ಟಸ್ ಎರಡೂ ಇದೆ ಎಂದುಕೊಂಡೇ ಮುಂದುವರಿಯಿರಿ. ಮನೆಗಳಿಗೆ ಬಳಸುವ ಸೀಸದ ಬಣ್ಣ ನಿಂತದ್ದು 1978ರಲ್ಲಿ. ಅದಕ್ಕೂ ಹಳೆಯ ಮನೆ ಮಾರುವವರು ಗೊತ್ತಿರುವುದನ್ನು ಬರೆದು ಕೊಡಬೇಕು. ಪರೀಕ್ಷೆ ಮಾಡಿಸಲು ನಿಮಗೆ 10 ದಿನ ಕೇಳುವ ಹಕ್ಕಿದೆ. ಒಂಬತ್ತು ಇಂಚಿನ ಚೌಕದ ನೆಲಹಾಸು, ಮನೆ ಬಿಸಿ ಮಾಡುವ ಕುಲುಮೆಯ ಪೈಪಿಗೆ ಸುತ್ತಿದ ಬಿಳಿ ಬಟ್ಟೆಯಂಥದ್ದು, ಇವು ಆಸ್‌ಬೆಸ್ಟಸ್ ಇರುವ ಜಾಗಗಳು. ಮುಟ್ಟದಿದ್ದರೆ ಬಹುಪಾಲು ಸುಮ್ಮನಿರುತ್ತವೆ. ಒಡೆಯುವ ಮುಂಚೆ ಪರೀಕ್ಷೆ ಮಾಡಿಸಲೇಬೇಕು. ಇದೇ ಕಾರಣಕ್ಕೆ, ಆ ಮನೆಯಲ್ಲಿ ಗುಲಾಬಿ ಬಣ್ಣದ ಟೈಲ್ಸ್ ಬಚ್ಚಲಿದ್ದರೆ ಮೊದಲ ವಾರವೇ ಸುತ್ತಿಗೆ ಎತ್ತಬೇಡಿ. ಆ ಕಾಲದವರು ದಪ್ಪ ಗಾರೆ ಹಾಕಿ ಕೂರಿಸಿದ ಟೈಲ್ಸ್ ಅದು, ನಿಮ್ಮ ಮಕ್ಕಳ ಮಕ್ಕಳಿಗೂ ಬರುತ್ತದೆ. ನನಗಂತೂ ಈಗಿನ ಬೂದು ಬಣ್ಣಕ್ಕಿಂತ ಅದೇ ಇಷ್ಟ.

ಪಾರ್ಕಿನ ಪಕ್ಕ ಎನ್ನುವುದರ ಬಗ್ಗೆ ಒಂದೆರಡು ಮಾತು. ನೀರಿನ ಪಕ್ಕದ ಪಾರ್ಕು ಕಂಡರೆ ನಾನು ಮೊದಲು ಕೇಳುವ ಪ್ರಶ್ನೆ, ಇದು ಪಾರ್ಕಾಗುವ ಮುಂಚೆ ಏನಾಗಿತ್ತು? ಗ್ಯಾಸ್ ವರ್ಕ್ಸ್ ಪಾರ್ಕ್ ಹೆಸರೇ ಹೇಳುವಂತೆ ಗ್ಯಾಸ್ ತಯಾರಿಸುವ ಕಾರ್ಖಾನೆಯಾಗಿತ್ತು. 1956ರಲ್ಲಿ ನಿಂತು 1975ರಲ್ಲಿ ಪಾರ್ಕಾಯಿತು, ಮಣ್ಣಿನ ಸಮಸ್ಯೆ ಇನ್ನೂ ಇದೆ. ಮ್ಯಾಗ್ನಸನ್ ಪಾರ್ಕ್ ನೌಕಾಪಡೆಯ ವಿಮಾನ ನಿಲ್ದಾಣವಾಗಿತ್ತು. ನಿಮ್ಮ ಕಡೆಯ ಜೆನೆಸೀ ಪಾರ್ಕ್ ಮೊದಲು ಜವುಗು ಕೊಲ್ಲಿ, ಆಮೇಲೆ ಊರಿನ ಕಸ ಸುರಿದು ತುಂಬಿಸಿದ ಜಾಗ. ಸೂವರ್ಡ್ ಪಾರ್ಕ್ ಹಾಗಲ್ಲ. ಆ ಪೆನಿನ್ಸುಲಾವನ್ನು ನಗರ 1911ರಲ್ಲಿ ಕೊಂಡಿತು. ಕಡಿಯದೆ ಉಳಿದ ಹಳೆಯ ಕಾಡು ಇವತ್ತಿಗೂ ಅಲ್ಲಿದೆ. ಸುತ್ತ 2.4 ಮೈಲಿ ದಾರಿ, ಬಹುತೇಕ ಸಮತಟ್ಟು. ಬೆಳಗಿನ ನಡಿಗೆಗೆ ಮಾವನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿ ನನಗೆ ಗೊತ್ತಿಲ್ಲ.

ಗದ್ದಲ ಇರುತ್ತದೆ. ಆಗಸ್ಟ್ ಮೊದಲ ವಾರದ ಸುಮಾರಿಗೆ ಸೀಫೇರ್ ಎಂಬ ಊರ ಹಬ್ಬ ಬರುತ್ತದೆ. ಹೈಡ್ರೋಪ್ಲೇನ್ ದೋಣಿಗಳ ರೇಸು, ತಲೆಯ ಮೇಲೆ ಬ್ಲೂ ಏಂಜಲ್ಸ್ ಜೆಟ್‌ಗಳು, ರಸ್ತೆ ತುಂಬ ಕಾರು. ಬೇಸಿಗೆಯ ಕೆಲವು ವಾರಾಂತ್ಯ ಲೇಕ್ ವಾಷಿಂಗ್ಟನ್ ಬುಲೆವಾರ್ಡ್ ಸೈಕಲ್‌ಗೆ ಮಾತ್ರ. ನಿಮ್ಮ ಮನೆಯಿಂದ ಹೊರಡಲು ಬೇರೆ ದಾರಿ ಇದೆಯಾ ನೋಡಿಕೊಳ್ಳಿ. ನೋಟ ಮಾತ್ರ ನಿಮ್ಮ ಹೆಸರಿಗೆ ರಿಜಿಸ್ಟ್ರಿ ಆಗುವುದಿಲ್ಲ. ಕೆಳಗಿನ ಸೈಟಿನವರು ಇನ್ನೊಂದು ಮಹಡಿ ಎತ್ತಬಹುದು, ಪಾರ್ಕಿನ ಮರ ಬೆಳೆಯಬಹುದು. 2002ರಲ್ಲಿ ಇದೇ ಸರೋವರದ ಮೇಲಿನ ಕೋಲ್ಮನ್ ಪಾರ್ಕಿನಲ್ಲಿ ಮನೆ ಮಾಲೀಕರೊಬ್ಬರ ನೋಟಕ್ಕಾಗಿ ನೂರಕ್ಕೂ ಹೆಚ್ಚು ಮರ ಕಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಕೊನೆಗೆ ನಗರಕ್ಕೆ 5 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಹಾಗಾಗಿ ನೋಟಕ್ಕೆಂದು ಕೊಡುವ ಹೆಚ್ಚಿನ ದುಡ್ಡು ಕೊಡುವಾಗ ಎರಡು ಸಲ ಯೋಚಿಸಿ.

ಅತ್ತೆ-ಮಾವನವರ ಕೋಣೆ. ಬೇಸ್‌ಮೆಂಟಿನಲ್ಲಿ ಹಾಸಿಗೆ ಹಾಕಿದ ಮಾತ್ರಕ್ಕೆ ಅದು ಬೆಡ್‌ರೂಮ್ ಆಗುವುದಿಲ್ಲ. ಬೆಂಕಿ ಬಿದ್ದರೆ ಹೊರಗೆ ಹಾರುವಷ್ಟು ಕಿಟಕಿ ಆ ಕೋಣೆಯಲ್ಲೇ ಇರಬೇಕು. ತೆರೆದಾಗ 5.7 ಚದರಡಿ ಜಾಗ, ಕಿಟಕಿಯ ಕೆಳಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಗುಡ್ಡದ ಕಡೆಯ ಕೋಣೆಗೆ ಇದು ಆಗದು, ಸರೋವರದ ಕಡೆಯದನ್ನು ಕೊಡಿ. ಮುಂದೆ ಮನೆ ವಿಸ್ತರಿಸುವ ಯೋಚನೆ ಇದ್ದರೆ ಕೊಳ್ಳುವ ಮುಂಚೆಯೇ ನಗರಸಭೆಯನ್ನು ವಿಚಾರಿಸಿ. 40 ಪರ್ಸೆಂಟಿಗಿಂತ ಕಡಿದಾದ ಇಳಿಜಾರು ಸೈಟಿನಲ್ಲಿದ್ದರೆ ಅಲ್ಲಿ ಕಟ್ಟಲು ಬಿಡುವುದೇ ಕಷ್ಟ. ದಡದಿಂದ 200 ಅಡಿ ಒಳಗಿದ್ದರೆ ದಡದ ಕಟ್ಟಡಗಳಿಗೆ ಕಡಿವಾಣ ಹಾಕುವ 1971ರ ಶೋರ್‌ಲೈನ್ ಕಾನೂನೂ ಸೇರಿಕೊಳ್ಳುತ್ತದೆ.

ಟೈಟಲ್ ಕಾಗದ ಓದುವಾಗ ಒಂದು ಸಾಲು ಕಂಡರೆ ಗಾಬರಿಯಾಗಬೇಡಿ. ಈ ನಗರದ ಎಷ್ಟೋ ಬಡಾವಣೆಗಳ ಹಳೆಯ ಪತ್ರಗಳಲ್ಲಿ ‘ಬಿಳಿಯರಲ್ಲದವರಿಗೆ ಮಾರಬಾರದು’ ಎಂದು ಬರೆದಿದೆ. ಕೆಲವದರಲ್ಲಿ ಏಷ್ಯಾದವರು ಎಂದು ಬಿಡಿಸಿಯೇ ಬರೆದಿದ್ದಾರೆ. 1948ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಲಾಗದು ಎಂದಿತು, 1968ರ ಕಾನೂನು ಅಂಥ ತಾರತಮ್ಯವನ್ನೇ ನಿಷೇಧಿಸಿತು. ಸಾಲು ಮಾತ್ರ ಕಾಗದದಲ್ಲಿ ಉಳಿದಿದೆ. ಅದನ್ನು ಅನೂರ್ಜಿತ ಎಂದು ದಾಖಲಿಸಲು ವಾಷಿಂಗ್ಟನ್ ರಾಜ್ಯದಲ್ಲಿ ದಾರಿಯಿದೆ. ಅಂಥ ಮನೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದವರು ನನಗೆ ಗೊತ್ತು. ಅವರು ಆ ಹಳೆಯ ಪತ್ರಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲೇ ತೂಗುಹಾಕಿದ್ದಾರೆ.

ತೆರಿಗೆಯನ್ನು ಈಗಿನ ಮಾಲೀಕರ ಬಿಲ್ಲು ನೋಡಿ ಅಂದಾಜಿಸಬೇಡಿ. ಹಿರಿಯ ನಾಗರಿಕರಿಗೆ ಇಲ್ಲಿ ರಿಯಾಯಿತಿ ಇದೆ. ಒಂದೇ ಕುಟುಂಬದ ಹಳೆಯ ಮನೆ ಎಂದರೆ ಅವರಿಗೆ ಅದು ಸಿಕ್ಕಿರಬಹುದು, ನಿಮಗೆ ಸಿಗುವುದಿಲ್ಲ.

ಕೊನೆಗೆ ನಿಮ್ಮ ಏಜೆಂಟ್ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಇಲ್ಲಿ ಒಂದು ದಿನ ಗೊತ್ತು ಮಾಡಿ ಎಲ್ಲ ಆಫರ್ ಒಟ್ಟಿಗೆ ನೋಡುವ ರೂಢಿ ಇದೆ, ಷರತ್ತು ಇಲ್ಲದವರು ಗೆಲ್ಲುತ್ತಾರೆ. ಆದರೆ ಷರತ್ತು ಬಿಡುವುದೇ ಬೇರೆ, ಇನ್ಸ್‌ಪೆಕ್ಷನ್ ಬಿಡುವುದೇ ಬೇರೆ. ಆಫರ್ ದಿನದ ಮುಂಚೆಯೇ ನಿಮ್ಮ ಖರ್ಚಿನಲ್ಲಿ ಇನ್ಸ್‌ಪೆಕ್ಷನ್, ಸೀವರ್ ಕ್ಯಾಮೆರಾ ಎರಡೂ ಮಾಡಿಸಿ. ಮನೆ ಸಿಗದೇ ಹೋದರೆ ಆ ದುಡ್ಡು ಹೋಯಿತು, ಹೋಗಲಿ. ಮಾರುವವರು ಅದಕ್ಕೂ ಬಿಡದಿದ್ದರೆ ನಾನಾದರೆ ಆಫರ್ ಕೊಡುವುದಿಲ್ಲ. ಫಾರಂ 17 ಎಂಬ ಮಾರಾಟಗಾರರ ಹೇಳಿಕೆಯನ್ನು ಸಾಲು ಸಾಲು ಓದಿ. ಅದು ಕೈಗೆ ಬಂದ ಮೇಲೆ ಹಿಂದೆ ಸರಿಯಲು ಕಾನೂನು 3 ಕೆಲಸದ ದಿನ ಕೊಡುತ್ತದೆ, ಆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿರದಿದ್ದರೆ. ಮೂಲ ಮಾಲೀಕರು ತೀರಿಕೊಂಡು, ಆಸ್ತಿಯ ನಿರ್ವಾಹಕರು ಮಾರುತ್ತಿದ್ದರೆ ಆ ಫಾರಂ ಕೊಡಬೇಕೆಂದೇ ಇಲ್ಲ. ಆಗ ಅಕ್ಕಪಕ್ಕದವರನ್ನು ಮಾತಾಡಿಸಿ. ನಾಯಿ ಅಡ್ಡಾಡಿಸಲು ಬಂದ ಹಳೆಯ ನೆರೆಯವರೊಬ್ಬರು, 97ರಲ್ಲಿ ಆ ಹಿತ್ತಲಿನ ಗೋಡೆ ಏನಾಯಿತು ಎಂದು ಯಾವ ಫಾರಂಗಿಂತ ಚೆನ್ನಾಗಿ ಹೇಳಬಲ್ಲರು.

ನನ್ನ ತೀರ್ಪು ಕೇಳಿದರೆ, ಹಿಂದಿನ ಗೋಡೆ ಒಣಗಿದ್ದು, ಗುಡ್ಡದ ಬಗ್ಗೆ ಎಂಜಿನಿಯರ್ ತಕರಾರು ಹೇಳದಿದ್ದರೆ ತೆಗೆದುಕೊಳ್ಳಿ. ಸೀವರ್, ಪ್ಯಾನೆಲ್, ಚಾವಣಿ ಮೂರೂ ಕೆಟ್ಟಿದ್ದರೂ ಅವು ದುಡ್ಡಿನಿಂದ ಸರಿಯಾಗುವ ಕಾಯಿಲೆ, ಬೆಲೆಯಲ್ಲಿ ಇಳಿಸಿಕೊಳ್ಳಿ. ಗುಡ್ಡ ಕೆಟ್ಟಿದ್ದರೆ ಬೇಡ. ಮತ್ತೆ, ಅತ್ತೆ-ಮಾವನವರು ಈಗ ಇಲ್ಲೇ ಇದ್ದರೆ ಮುಂದಿನ ಸಲ ಮನೆ ನೋಡಲು ಅವರನ್ನೂ ಕರೆದುಕೊಂಡು ಹೋಗಿ. ಕೆಳಗಿನ ಕೋಣೆಯಿಂದ ಮೇಲಿನ ಅಡುಗೆಮನೆಗೆ ಎರಡು ಸಲ ಹತ್ತಿ ಇಳಿಯಲಿ. ಆ ಕಾಲದ ಮೆಟ್ಟಿಲು ಕಡಿದು, ಕೈಹಿಡಿ ಒಂದೇ ಕಡೆ. ಅತ್ತೆಯವರ ಮಂಡಿ ಏನನ್ನುತ್ತದೆ ಎಂದು ಆಮೇಲೆ ಬರೆಯಿರಿ.